ಎರಡಕ್ಕೂ ಹೊಂದುವ ಮಾತು

ಆಸ್ಪತ್ರೆಯ ಲ್ಯಾಬಿನ ಹೊರಗೆ ತನ್ನ ರಿಪೋರ್ಟಿಗೆ ಕಾಯುತ್ತಿದ್ದ ಟೈಲರಮ್ಮನ ಪಕ್ಕದಲ್ಲೇ ಅಪ್ಪ, ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಲ್ಯಾಪ್‌ಟಾಪ್.

"ಕಂಡೀಷನ್ ನಿಜವಾದ್ರೆ ನಾಯಿಗಳ ಲಿಸ್ಟು, ಸುಳ್ಳಾದ್ರೆ ಬೆಕ್ಕುಗಳ ಲಿಸ್ಟು ಅಂತ ಬರೆದೆ ಅಪ್ಪಾ. ನಾನು ಬರೆದಿದ್ದನ್ನ ಪರೀಕ್ಷೆ ಮಾಡೋ ಕಂಪೈಲರ್ ಅದನ್ನ 'ಯಾವುದೋ ಪ್ರಾಣಿಗಳ ಲಿಸ್ಟು' ಅಂತಿದೆ."

"ಅದಕ್ಕೊಂದು ನಾಯಿ ಸೇರಿಸು."

"ಬಿಡಲ್ಲ. ಬೆಕ್ಕುಗಳ ಲಿಸ್ಟಾಗಿದ್ರೆ ಅಂತ ಅದಕ್ಕೆ ಭಯ."

"ಯಾವುದು ಅಂತ ನೋಡೋಕೇನು ರೋಗ?"

"ಪ್ರೋಗ್ರಾಂ ಓಡೋಕೆ ಮುಂಚೆನೇ ಹೇಳ್ಬೇಕಲ್ಲಪ್ಪಾ. ಅದಕ್ಕೇ ಎರಡಕ್ಕೂ ಹೊಂದೋದನ್ನಷ್ಟೇ ಹೇಳುತ್ತೆ."

ಅಪ್ಪ ಲ್ಯಾಬಿನ ಬಾಗಿಲು ನೋಡಿದರು. "ಅಮ್ಮನಿಗೆ ಏನು ಹೇಳಿದೀಯ?"

"ಊಟದ ಹೊತ್ತಿಗೆ ಬರ್ತೀವಿ ಅಂತ."

ಒಳಗಿನಿಂದ ಅಪ್ಪನ ಹೆಸರು ಕೂಗಿದರು. ಇಬ್ಬರೂ ಎದ್ದು ಹೋದರು.

ಏನು ಹೇಳುವುದೆಂದು ತೋಚದೆ ಬೆಳಗ್ಗೆಯಿಂದ ಎತ್ತದೇ ಬಿಟ್ಟಿದ್ದ ಗಂಡನ ಕರೆ ಮತ್ತೆ ಬಂತು. ಟೈಲರಮ್ಮ ಎತ್ತಿದಳು.

"ಊಟದ ಹೊತ್ತಿಗೆ ಬರ್ತೀನಿ ರೀ."