ಮುಖಪುಟಕ್ಕೆ ಒಂದೇ ಬರಹ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಅಣ್ಣ ತಂಗಿ ಮೊಬೈಲಿನಲ್ಲಿ ತೀರಿಕೊಂಡ ಅಕ್ಕನ ಬ್ಲಾಗ್ ನೋಡುತ್ತಿದ್ದರು. ನಾನು ಕಿಟಕಿಯತ್ತ ಮುಖ ಮಾಡಿ ಕೂತೆ.

“ಅಕ್ಕ ಬರೆದಿದ್ದೆಲ್ಲ ಎಲ್ಹೋಯ್ತು ಅಣ್ಣ? ಬರೀ ಭಾವನ ಎರಡನೇ ಮದುವೆ ಸುದ್ದಿ ಇದೆ.”

“ಅಳಿಸಿಲ್ಲ ಕಣೇ. ಮುಖಪುಟದಲ್ಲಿ ಒಂದೇ ಬರಹ ಕಾಣೋ ಹಾಗೆ ಭಾವ ಮಾಡಿದ್ದಾರೆ. ಅಕ್ಕಂದೆಲ್ಲ ‘ಹಳೆಯವು’ ಒತ್ತಿದ್ರೆ ಸಿಗುತ್ತೆ.”

“ಮೊದಲು ಹತ್ತು ಕಾಣ್ತಿತ್ತಲ್ಲ?”

“ಹತ್ತೇ ಇದ್ದಿದ್ರೆ ಮದುಮಕ್ಕಳ ಫೋಟೋ ಕೆಳಗೆ ಒಂಬತ್ತು ಸಲ ಅಕ್ಕನ ಹೆಸರು ಇರ್ತಿತ್ತು.”

“ಭಾವ ಲೆಕ್ಕದ ಮೇಷ್ಟ್ರಲ್ವಾ, ಕಳೆಯೋದು ಚೆನ್ನಾಗಿ ಬರುತ್ತೆ.”

“ಮೆತ್ತಗೆ ಮಾತಾಡೇ.”

“ಅಮ್ಮ ದಿನಾ ಅದನ್ನೇ ತೆಗೆದು ಓದ್ತಾಳಲ್ಲ. ನಾಳೆ ಇದನ್ನ ನೋಡಿದ್ರೆ?”

“ಅವಳ ಮೊಬೈಲಲ್ಲಿ ನೇರವಾಗಿ ‘ಹಳೆಯವು’ ತೆರೆಯೋ ಹಾಗೆ ಇಟ್ಟುಬಿಡ್ತೀನಿ.”

“ಮದುವೆ ವಿಷಯ?”

“ಅಮ್ಮನಿಗೂ ಹೇಳೋದು ಬೇಡ, ಯಾರಿಗೂ ಬೇಡ.”

ತಂಗಿ ಹೂಂ ಎಂದಳು. ನಿಲ್ದಾಣ ಬಂತು, ಇಬ್ಬರೂ ಇಳಿದುಹೋದರು.