ಗಿರಣಿಯವರ ಮನೆಯ ರೊಟ್ಟಿ

ಘಟಪ್ರಭಾ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಾತವ್ವನ ಪಕ್ಕದಲ್ಲೇ ಒಬ್ಬ ಹುಡುಗಿ, ಅವಳ ಸೋದರತ್ತೆ ಬಂದು ಕೂತರು. ಬೆಲ್ಲದ ಬಾಗೇವಾಡಿಯ ಹಿಟ್ಟಿನ ಗಿರಣಿಯವರ ಮಗನನ್ನು ನೋಡಿ ಬಂದವರು. ಮಂದಿಯ ಮಾತೆಂದರೆ ಸಾತವ್ವನಿಗೆ ಹಸಿವೆಯೂ ಮರೆಯುತ್ತದೆ, ಸುಮ್ಮನೆ ಕಿವಿಗೊಟ್ಟಳು.

"ಏನ ವರಾ ಅವಾ! ಸುಣ್ಣದ ಡಬ್ಬ್ಯಾಗ ಬಿದ್ದ ಬೆಕ್ಕಿನಂಗ ಎದ್ದು ಬಂದ."

"ಗಿರಾಕಿ ನಿಂತಿದ್ರು ಅತ್ತಿ. ಬೀಸಿ ಕೊಟ್ಟು ಬಂದಾನ."

"ಗಿರಣಿ ಚಾಲೂ ಆತಂದ್ರ ಮನಿಯಾಗಿನ ಭಾಂಡೆ ಎಲ್ಲಾ ಕುಣೀತಾವ. ಅವರವ್ವ ಉಣ್ಣಾಕ ಕರದಿದ್ದು ಜಗಳಕ್ಕ ಬಂದಂಗಿತ್ತು."

"ನೀನೂ ಏನ ಸಣ್ಣ ದನಿಯಾಕಿ ಅಲ್ಲ ಬಿಡು."

"ಇರ್ಲಿ. ಗಿರಣಿ ಇಟ್ಕೊಂಡು ಬೀಗರಿಗೆ ಉಸುಕಿನ ರೊಟ್ಟಿ ನೀಡ್ತಾರ. ನಾಚಿಕಿ ಬ್ಯಾಡೇನು?"

"ಆ ಹುಡುಗನ್ನ ಕೇಳಿದ್ನಿ. ಸವದ ಬೀಸೂ ಕಲ್ಲು ನಿನ್ನೆ ಉಳಿ ಹೊಡದು ಕಡದಾರಂತ. ಕಡದ ಮ್ಯಾಲೆ ಮೊದಲ ಬೀಸಿದ ಹಿಟ್ಟಿನ್ಯಾಗ ಕಲ್ಲಿನ ಪುಡಿ ಬರತೈತಿ. ಅದಕ್ಕ ಮೊದಲ ತಮ್ಮ ಜೋಳಾನ ಬೀಸಿ ಮನಿಮಂದಿ ಉಣ್ತಾರ, ಗಿರಾಕಿದು ಆಮ್ಯಾಲೆ."

"ಭಾಳ ಶಾಣ್ಯಾರು. ದನಕ್ಕ ಹಾಕಬೇಕಿತ್ತು. ನಾ ತೋರ್ಸಿದ ಮೂಡಲಗಿ ಕಿರಾಣಿಯವರ ಮನ್ಯಾಗ ನೋಡು, ರೊಟ್ಟಿ ಹೂವಿನಂಗ."

"ಹೂವಿನಂಗ ಯಾಕ ಇರೂದಿಲ್ಲ? ಹಸನ ಮಾಡಿದ ಜೋಳ ತಾವು ಉಣ್ತಾರ, ಹರಳು ಕೂಡಿದ ಜೋಳದ ಚೀಲ ಅಂಗಡಿಗೆ ಇಡ್ತಾರ. ಅವತ್ತ ಅವರನ್ನ ಶಾಣ್ಯಾ ಮಂದಿ ಅಂತ ನೀನ ಹೊಗಳಿದ್ದಿ."

ಗೋಕಾಕ ಬಸ್ಸು ಬಂತು. ಅತ್ತೆ ಚೀಲ ಎತ್ತಿಕೊಂಡು, ಮುಖ ಗಂಟಿಕ್ಕಿಯೇ ಕೇಳಿದಳು.

"ಮನಿಗೆ ಹೋದಕೂಡ್ಲೆ ನಿಮ್ಮಪ್ಪ ಕೇಳ್ತಾನ. ಏನಂತ ಹೇಳ್ಲಿ?"

"ನನ್ನ ಹಲ್ಲು ಗಟ್ಟಿ ಅದಾವಂತ ಹೇಳು," ಎಂದು ಹುಡುಗಿ ಅತ್ತೆಗಿಂತ ಮೊದಲೇ ಬಸ್ಸು ಹತ್ತಿದಳು.