ಇದ್ದಾಕಿ ಹೆಸರಿನ ಟಾಕ

ಹಲೋ... ಯಾರ್ರಿ ಮಾತಾಡೋರು?

...

ಹಾಂ? ಸ್ವಲ್ಪ ಜೋರ್ ಮಾತಾಡ್ರಿ, ನಿಮ್ಮ ಕಡೆ ಬಸ್ಸಿನ ಸಪ್ಪಳ ಭಾಳ ಐತಿ. ಎಲ್ಲಿಂದ? ಚಿಕ್ಕೋಡಿಯಿಂದಾ?

...

ಹೌದ್ರಿ, ಐಗಳೀನಽ. ದ್ರಾಕ್ಷಿ ತೋಟದ ಸಾವಕಾರ್ರ ಮನೀನಽ. ಅವ್ರು ಮನ್ಯಾಗಿಲ್ಲ, ತೋಟದಾಗ ಔಷಧ ಹೊಡಸಾಕತ್ತಾರ. ಬರೋ ಹೊತ್ತಾತು. ಯಾರು ಅಂತ ಹೇಳ್ಲಿ?

...

ಸತ್ತಿ ಊರಿನ ಲಗಮಪ್ಪ. ಯಾವ ಲಗಮಪ್ಪರಿ? ... ಬೀಗರಾ? ನಮ್ಮನಿಗೆ ಸತ್ತ್ಯಾಗ ಯಾರೂ ಬೀಗರಿಲ್ಲಲ್ರಿ.

...

ಇನ್ನ ಬೀಗರ ಆಗೋರಾ. ಹಾಂ. ಹಾಂ, ಹಾಂ. ಹೇಳ್ರಿ, ಕೇಳಾಕತ್ತೇನಿ.

...

ನಾನಾ? ನಾ ಮನ್ಯಾಕೀನಽ ಅದೀನ್ರಿ. ಸಾವಕಾರ್ರ ತಾಯಿ ಚನ್ನವ್ವಾಯಿ ಗುಡಿಗೆ ಹೋಗ್ಯಾರ. ಇರಲಿ, ನನ್ನ ಮುಂದ ಹೇಳ್ರಿ. ಒಂದಕ್ಷರ ಬಿಡದಂಗ ತಾಯಿಗೂ ಮುಟ್ಟಸ್ತೀನಿ, ಮಗನಿಗೂ ಮುಟ್ಟಸ್ತೀನಿ.

...

ಸರಾಫನ ಅಂಗಡ್ಯಾಗ ಕುಂತ ಮಾತಾಡಾಕತ್ತೀರಾ? ಮಗಳಿಗೆ ಬಂಗಾರ ತಗೊಳ್ಳಾಕ. ಛಲೋ ಆತು. ಮಗಳೂ ಬಂದಾಳಾ? ಹೆಸರೇನು? ... ತುಳಸವ್ವ. ವಯಸ್ಸು? ... ಹತ್ತೊಂಬತ್ತು. ನಮ್ಮ ಸಾವಕಾರ್ರು ತಮಗ ಎಷ್ಟ ಅಂತ ಹೇಳ್ಯಾರ?

...

ಮೂವತ್ತೆರಡು. ಇರಲಿ ಬಿಡ್ರಿ, ಗಂಡಸರ ವಯಸ್ಸು ಯಾರ ಕೇಳಬೇಕು. ಲಗ್ನಾ ಯಾವಾಗ ಹಿಡದೀರಿ? ... ದೀಪಾವಳಿ ಆದಮ್ಯಾಲ. ನಿಶ್ಚಯದ ಸಾಕರಪುಡಾ ಆಗೇಬಿಟ್ಟೈತಾ? ... ಪಂಚಮಿ ಮರುದಿನ. ಸಕ್ಕರಿ ಹಂಚಿ, ಉಂಡು, ಎಲ್ಲಾ ಮುಗಿಸೀರಿ. ನಾ ಆವಾಗ ಊರಾಗ ಇರಲಿಲ್ರಿ, ಅದಕ್ಕ ನನಗ ಸಕ್ಕರಿ ಮುಟ್ಟಿಲ್ಲ.

...

ಟಾಕ? ಎಂಥಾ ಟಾಕರಿ?

...

ಸವತಿ ಟಾಕ. ಸತ್ತ ಹೆಂಡ್ತಿ ಹೆಸರಲೆ ಹೊಸಾಕಿ ಕೊರಳಾಗ ಹಾಕೊಳ್ಳೂ ತಗಡು. ಹಾಕೊಳ್ಳಲಿಲ್ಲಂದ್ರ ಸತ್ತಾಕಿ ಬಂದು ಕಾಡ್ತಾಳ. ಅದಽ ಅಲ್ರಿ? ... ಮಾಡಾಕ ಹಾಕಿದವರು ಯಾರು? ... ಚನ್ನವ್ವಾಯೀನಽ ಬಂದು ಹೇಳಿ ಹೋಗಿದ್ರಾ. ಶ್ರಾವಣದಾಗ. ಆ ಮುದುಕಿ ಮೊಣಕಾಲ ನೋವಂತ ಓಣಿ ಗುಡಿ ದಾಟಿ ಮುಂದ ಹೋಗೂದಿಲ್ಲ. ಇದಕ್ಕ ಮಾತ್ರ ಬಸ್ ಹತ್ತಿ ಚಿಕ್ಕೋಡಿಗೆ ಬಂದಾಳ.

...

ಹೆಸರಾ? ಹಿಂದ ಹೆಸರ ಹಾಕಬೇಕಂತಾನಾ ಸರಾಫ? ನಿಮಗ ಗೊತ್ತಿಲ್ಲಾ ಸತ್ತಾಕಿ ಹೆಸರು? ... ಕೇಳಿಲ್ಲ. ಹೌದು, ಯಾಕ ಕೇಳ್ತೀರಿ. ಬರಕೋರಿ ಮತ್ತ. ಅಕ್ಕವ್ವ. ... ಅಕ್ಕವ್ವ ಅನ್ರಿ, ಅಷ್ಟಽ. ಹಿಂದ ಮುಂದ ಏನೂ ಬ್ಯಾಡ.

...

ತೀರಿಕೊಂಡ ದಿವಸಾ? ಅದು ಯಾಕ ಬೇಕು? ... ಪೂಜಿ ಹಿಡಿಯಾಕ. ಅದನ್ನ ಖಾಲಿ ಬಿಡಾಕ ಹೇಳ್ರಿ. ದಿವಸ ಇನ್ನೂ ನಿಕ್ಕಿ ಆಗಿಲ್ಲ. ನಾನಽ ಅಕ್ಕವ್ವ.

...

ಹಲೋ. ಅದೀರೇನ್ರಿ?

...

ದೆವ್ವ ಅಲ್ಲೋ ಮಾರಾಯ. ದೆವ್ವ ಫೋನ್ ಎತ್ತಿ ಯಾರ್ರಿ ಅಂತ ಕೇಳೂದಿಲ್ಲ. ಕ್ಷಯ ಆಗಿತ್ತು, ಏಳ ತಿಂಗಳ ಮಿರಜಿ ದವಾಖಾನ್ಯಾಗ ಇದ್ದೆ. ಅರಾಮಾತು. ಮೂವತ್ತನಾಕ ಕಿಲೋ ಇದ್ದಾಕಿ ನಾಲ್ವತ್ತೆಂಟ ಆಗೇನಿ. ಇನ್ನ ಯಾರಿಗೂ ಹತ್ತೂದಿಲ್ಲಂತ ಡಾಕ್ಟರು ಕಾಗದಾನೂ ಬರಕೊಟ್ಟಾರ. ಮನಿಗೆ ಬಂದು ಹದಿನೆಂಟ ದಿನಾ ಆತು. ಗಾಳಿ ಬೇಕಂತ ಕಿಟಕಿ ಹಂತ್ಯಾಕ ಮಂಚಾ ಹಾಕೊಂಡೇನಿ, ಫೋನೂ ಅಲ್ಲೇ ಐತಿ.

...

ಸತ್ತಾಳಂತ ಯಾರ ಹೇಳಿದ್ರು ನಿಮಗ? ... ಅವ್ರಽ? ಸ್ವಂತ ಬಾಯ್ಲೆ? ಅತ್ತ್ರಾ ಹೇಳೂ ಮುಂದ? ... ಎರಡ ಸಲ ಕಣ್ಣ ಒರಸಿಕೊಂಡ್ರಾ. ಏಳ ತಿಂಗಳದಾಗ ಮಿರಜಿಗೆ ಬಂದದ್ದೂ ಎರಡಽ ಸಲ. ಬಾಗಲ್ದಾಗ ನಿಂತು, ಮೂಗಿಗೆ ಟಾವೆಲ್ ಹಿಡಕೊಂಡು, ಹ್ಯಾಂಗದಿ ಅಂತ ಕೇಳಿ ಹೋದ ಗಂಡಸು. ಗಂಡನ ಹೆಸರ ಹೇಳಬಾರದಂತ ಹದಿನಾಕ ವರ್ಷ ಬಾಯಿ ಕಟ್ಟಿಕೊಂಡೆ. ಇವತ್ತ ಹೇಳ್ತೀನಿ ಕೇಳ್ರಿ. ರಾವಸಾಹೇಬ. ರಾವಸಾಹೇಬ ಅಂತಾರ ಆ ಹೇಡಿಗೆ.

...

ನಿಮಗ ಗೊತ್ತಿರಲಿಲ್ಲಾ? ಸತ್ತಿಯಿಂದ ಐಗಳಿ ಏನ ಪರದೇಶ ಏನ್ರಿ? ಒಂದ ಸಲ ಬಂದ ನೋಡಬಾರದಿತ್ತಾ?

...

ಬಂದಿದ್ರಾ? ಬಂದು ಏನ ನೋಡಿದ್ರಿ? ... ತೋಟ. ದ್ರಾಕ್ಷಿ ಸಾಲ ಎಣಿಸಿದ್ರಿ, ಬಾವ್ಯಾಗ ಇಣಿಕಿ ನೀರ ನೋಡಿದ್ರಿ, ಚಹಾ ಕುಡದ ಹೋದ್ರಿ. ಈ ಮನೀ ಸೊಸಿ ಹ್ಯಾಂಗ ಸತ್ಲು, ಎಲ್ಲಿ ಮಣ್ಣ ಮಾಡಿದ್ರು ಅಂತ ಓಣ್ಯಾಗ ಒಬ್ಬರನ್ನೂ ಕೇಳಲಿಲ್ಲ. ಒಂದ ಎಮ್ಮಿ ತರೂ ಮುಂದ ಅದರ ಬಾಯಿ ತಗದು ಹಲ್ಲ ನೋಡ್ತೀರಿ ನೀವು. ಮಗಳನ್ನ ಕೊಡೂ ಮುಂದ ಬಾವಿ ನೋಡೀರಿ.

...

ಸಿಟ್ಟ ಬಂತಾ? ಬರಲಿ. ನನಗ ಏನೇನ ಬಂದೈತಿ ಅನ್ನೋದು ಕೇಳ್ರಿ. ಮಿರಜಿಯಿಂದ ಕರಕೊಂಡ ಬರಾಕ ಯಾರೂ ಬರಲಿಲ್ಲ. ನಾನಽ ಟ್ರಂಕ್ ಹೊತ್ತಕೊಂಡು ಬಸ್ಸಿಗೆ ಬಂದೆ. ಬಂದು ನೋಡ್ತೀನಿ, ಮನಿಗೆಲ್ಲಾ ಸುಣ್ಣಾ ಹಚ್ಚಿತ್ತು. ಬಾಗಲಕ್ಕ ಹೊಸಾ ಬಣ್ಣ. ನಾ ಹುಚ್ಚಿ, ನಾ ಬರ್ತೀನಂತ ಹಚ್ಚ್ಯಾರ ಅಂದಕೊಂಡೆ. ನನಗ ಅಳು ಬಂದುಬಿಟ್ಟಿತ್ರಿ, ಬಾಗಲ್ದಾಗ ನಿಂತು ಅತ್ತೆ. ಆ ಮುದುಕಿ ನನ್ನ ಕಾಲಿಗೆ ಒಂದ ತಂಬಿಗಿ ನೀರ ಹಾಕಲಿಲ್ಲ, ಬಂದ್ಯಾ ಅಂದ್ಲು, ಒಳಗ ಹೋದ್ಲು. ಈಗ ತಿಳೀತು, ಸುಣ್ಣಾ ಯಾರ ಸಲುವಾಗಿ ಅಂತ.

...

ಹೂಂ. ನನಗಂತ ಬ್ಯಾರೆ ತಾಟು ತಗದ ಇಟ್ಟಿದ್ಲು. ಅದನ್ನ ಕೋಳಿಗೆ ನೀರ ಹಾಕಾಕ ಕೊಟ್ಟೇನಿ. ಅವತ್ತಿನಿಂದ ತಾಯಿ ಮಗ ಇಬ್ಬರೂ ನನ್ನ ಜೋಡಿ ಮಾತ ಬಿಟ್ಟಾರ. ನಾ ತಾಟಿನ ಸಲುವಾಗಿ ಅಂದಕೊಂಡಿದ್ದೆ. ಅಲ್ಲ, ಲಗ್ನಾ ಕೆಟ್ಟಿತಂತ ಮಾರಿ ಬಾಡಿಸಿಕೊಂಡ ಕುಂತಾರ. ಹದಿನೆಂಟ ದಿನದಾಗ ನಿಮಗೊಂದ ಫೋನ್ ಮಾಡಿ, ಅಕ್ಕವ್ವ ಬಂದಾಳ, ಲಗ್ನಾ ಬ್ಯಾಡ ಅನ್ನಾಕ ಆಗಲಿಲ್ಲ ಅವ್ರಿಗೆ. ಮತ್ತ ಕೆಮ್ಮು ಬರ್ತೈತೇನೋ ಅಂತ ದಾರಿ ನೋಡಾಕತ್ತಿರಬೇಕು.

...

ಏನಂದ್ರಿ? ಇನ್ನೊಮ್ಮೆ ಅನ್ರಿ.

...

ನಾ ಇದ್ರೂ ನಡೀತೈತಿ ಅಂತೀರಾ? ನಾ ಹೂಂ ಅಂದು, ನನ್ನ ಕೈಲೇನಽ ನಿಮ್ಮ ಮಗಳಿಗೆ ಉಡಿ ತುಂಬಿದ್ರ ಅಕ್ಕ ತಂಗೀಗತೆ ಇರ್ತೀವಂತ. ಥೂ ನಿಮ್ಮ. ಸ್ವಲ್ಪ ಹೊತ್ತಿನ ಹಿಂದ ನನ್ನ ಟಾಕ ಮಾಡಸಾಕತ್ತಿದ್ರಿ, ಈಗ ನನ್ನ ಕೈಲೆ ಉಡಿ ತುಂಬಸ್ತೀರಿ. ಮಗಳು ಬಾಜೂಕ ನಿಂತು ಕೇಳಾಕತ್ತಾಳ, ಅದರ ಖಬರರೆ ಐತಿಲ್ಲೋ? ಚಿಕ್ಕೋಡ್ಯಾಗಽ ಅದೀರಿ, ಕೋರ್ಟ್ ಅಲ್ಲೇ ಐತಿ. ಹೆಂಡ್ತಿ ಇದ್ದಾಗ ಎರಡನೇ ಲಗ್ನಾ ಆದವಂಗ ಏನ ಮಾಡ್ತಾರಂತ ಒಬ್ಬ ವಕೀಲನ್ನ ಕೇಳಿ ಹೋಗ್ರಿ.

...

ನಿಮ್ಮ ಜೋಡಿ ನನ್ನ ಮಾತ ಮುಗೀತು. ಆಕಿ ಕೈಯಾಗ ಕೊಡ್ರಿ ಫೋನ. ... ಕೊಡ್ರಿ ಅಂದ್ನಿ.

...

ತುಳಸವ್ವಾ? ... ಹೂಂ, ನಾನಽ ಯವ್ವಾ. ... ನಿನಗ್ಯಾಕ ಬೈಲಿ. ನೀ ಅಳಬ್ಯಾಡ, ಸರಾಫನ ಮುಂದ ಅಳಬಾರದು.

...

ಏನ ಕೇಳಿದಿ? ... ನಾನಾ? ಅರಾಮದೀನಿ. ... ಇಲ್ಲ, ಕೆಮ್ಮು ಪೂರ್ತಿ ಹೋಗೇತಿ. ಗುಳಿಗಿ ಇನ್ನೂ ಎರಡ ತಿಂಗಳ ಐತಿ. ... ತಡಿ, ಒಂದ ನಿಮಿಷ. ಹದಿನೆಂಟ ದಿನದಾಗ ಈ ಮನ್ಯಾಗ ಒಬ್ಬರೂ ಕೇಳಿಲ್ಲ ಇದನ್ನ. ಅರಾಮದಿಯೇನು ಅಂತ.

...

ಮಕ್ಕಳಿಲ್ಲ ಅಂದಿದ್ರಾ ನಿನಗ? ಇಬ್ಬರದಾರ. ಮಗಳು ಆರನೇತ್ತ, ಮಗ ಎರಡನೇತ್ತ. ನಾ ಬಂದಾಗ ಮಗ ನನ್ನ ಕಡೆ ಬರವಲ್ಲ. ಅವ್ವನ ಹಂತ್ಯಾಕ ಹೋದ್ರ ಸಾಯ್ತಿ ಅಂತ ಮುದುಕಿ ಕಲಿಸಿತ್ತು. ನಿನ್ನೆ ಮುಂಜಾನಿ ತಾನಽ ಬಂದು ನನ್ನ ಮಂಚದ ಮ್ಯಾಲ ಕುಂತಾನ. ತಲಿ ಬಾಚು ಅಂದ. ಅದಕ್ಕಽ ನಾ ಈ ಮನಿ ಬಿಡೂದಿಲ್ಲ. ಅಷ್ಟೊಂದ ಇಂಜೆಕ್ಷನ್ ಚುಚ್ಚಿಸಿಕೊಂಡು ಬದುಕಿ ಬಂದದ್ದು ಆ ಹುಡುಗನ್ನ ಇನ್ನೊಬ್ಬಾಕಿ ಕೈಯಾಗ ಕೊಡಾಕ ಅಲ್ಲ.

...

ಲಗ್ನಾ ಆಗೂದು ಬಿಡೂದು ನಿನಗ ಬಿಟ್ಟದ್ದು. ನಾ ಹೇಳಿದ್ರ ಹೊಟ್ಟಿಕಿಚ್ಚಂತಾರ. ಒಂದ ಮಾತ ಅಷ್ಟ ಹೇಳ್ತೀನಿ. ನಾಳೆ ನಿನಗ ಕೆಮ್ಮ ಬಂದ್ರೂ ಅವ ಟಾವೆಲ್ ಹಿಡಕೊಂಡು ಬಾಗಲ್ದಾಗಽ ನಿಂದರ್ತಾನ.

...

ಹಾಂ? ಗಾಡಿ ಸಪ್ಪಳ ಕೇಳಿಸ್ತೇನು? ಹೌದು, ಅವ್ರಽ. ಬಂದ್ರು. ... ಒಲ್ಲೆ ಅಂತ ನೀನಽ ಹೇಳ್ತಿ? ಖರೇನಾ? ... ಹಂಗಾದ್ರ ತಡಿ, ಇಡಬ್ಯಾಡ.

...

ಬರ್ರಿ ಒಳಗ. ಯಾಕ ಅಲ್ಲೇ ನಿಂತ್ರಿ? ಫೋನ್ ಬಂದೈತಿ ನಿಮಗ, ಚಿಕ್ಕೋಡಿಯಿಂದ. ಸತ್ತಿ ತುಳಸವ್ವ. ... ಯಾವ ತುಳಸವ್ವ ಅಂತ ನನ್ನ ಕೇಳ್ತೀರೇನು? ಅವ್ರಪ್ಪ ನನ್ನ ಟಾಕಿಗೆ ಹೆಸರ ಕೇಳಿದ, ಹೇಳೇನಿ. ... ಔಷಧದ ಕೈ ಇದ್ರ ಇರಲಿ. ಹಿಡೀರಿ.

...

...

ಏನಂದ್ಲು?

...

ಆಕಿಗೂ ಎರಡ ಸಲ ಕಣ್ಣ ಒರಸಿ ತೋರಸ್ರಿ. ... ಇಲ್ಲಿ ತರ್ರಿ ಅದನ್ನ.

...

ಹಲೋ. ತುಳಸವ್ವಾ... ಹಲೋ...

...

ಕಟ್ ಮಾಡ್ಯಾಳ. ನನ್ನ ಊಟ ಆಗೇತಿ. ರೊಟ್ಟಿ ಬುಟ್ಟ್ಯಾಗ ಅದಾವ, ನೀವಽ ಬಡಿಸ್ಕೊಂಡ ಉಣ್ರಿ.